ವಿದ್ಯಾದಾನಕ್ಕೆ ಮುನ್ನ ಅಭಯದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಭೂಷಣಗಳೆಂದು ಪ್ರಸಿದ್ಧವಾಗಿವೆ. ಬಸದಿಗಳಿಗೆ ದತ್ತಿ ಬಿಟ್ಟ ಪುಣ್ಯಪುರುಷರನ್ನೂ ಮಹಿಳೆಯರನ್ನೂ ಕನ್ನಡ ನಾಡಿನ ಶಾಸನಗಳು ಈ ದಾನಗಳ ಹೆಸರಿನಿಂದಲೇ ಕೊಂಡಾಡುತ್ತವೆ. ಹೊಸಹೊಳಲಿನ ಪಾರ್ಶ್ವನಾಥ ಬಸದಿ, ಕಂಬದಹಳ್ಳಿಯ ಪಂಚಕೂಟ ಬಸದಿ, ಅನತಿದೂರದ ಶ್ರವಣಬೆಳಗೊಳ ಇವುಗಳಿಂದ ಪುನೀತವಾದ ಸೀಮೆಯಲ್ಲಿ ದಾನವೆಂಬುದು ಹೊಸ ಮಾತಲ್ಲ. ಆದರೆ ಇಂದು ಶಾಸ್ತ್ರದಾನವು ಬಹುಮಟ್ಟಿಗೆ ನಡೆಯುವುದು ಶಾಲೆಯ ಕೊಠಡಿಯಲ್ಲಿ. ಅದನ್ನು ಸ್ವೀಕರಿಸುವುದು ಆರು ವರ್ಷದ ಕೂಸು. ಅಕ್ಷರವನ್ನು ನೀಡುವ ಕೈಯೇ ಅಭಯವನ್ನು ಕಸಿದುಕೊಂಡರೆ ಆ ದಾನವು ದಾನವೆನಿಸೀತೆ?

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಎಚ್ಚರವಿದೆ. ಅಂಥ ಮನೆಯ ಹಿರಿಯರೂ ಮಗುವನ್ನು ಶಾಲೆಗೆ ಬಿಡುವಾಗ “ನಾಲ್ಕು ಬಾರಿಸಿ ಮೇಷ್ಟ್ರೇ, ಬುದ್ಧಿ ಬರಲಿ” ಎಂದು ಹೇಳಿಬರುವುದುಂಟು. ದಂಡಂ ದಶಗುಣಂ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಾಣದ ಜೀವಕ್ಕೆ ದೊರೆತ ದಯೆ ಕಣ್ಣೆದುರಿನ ಮಗುವಿಗೆ ಏಕೆ ದೊರೆಯದು ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ದನಕರುಗಳನ್ನೂ ಆಳುಕಾಳುಗಳನ್ನೂ ಇಟ್ಟುಕೊಂಡ ಗೃಹಸ್ಥನಿಗೆ ಇವು ಎಚ್ಚರಿಕೆಯ ಮಾತುಗಳಾಗಿದ್ದವು. ಇವನ್ನು ಶಾಲೆಯ ಬಾಗಿಲಲ್ಲಿ ನಿಂತು ಓದಿದರೆ ಅರ್ಥವು ಬೇರೆಯಾಗಿಯೇ ತೆರೆದುಕೊಳ್ಳುತ್ತದೆ.

ವಧವೆಂದರೆ ಇಲ್ಲಿ ಕೊಲೆಯಲ್ಲ. ಕೊಲೆಯನ್ನು ವ್ರತಿಯು ಮೊದಲೇ ತ್ಯಜಿಸಿರುತ್ತಾನೆ. ದೊಣ್ಣೆ, ಚಾಟಿ, ಬೆತ್ತ ಮುಂತಾದವುಗಳಿಂದ ಹೊಡೆಯುವುದೇ ವಧವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬೆತ್ತದ ಹೆಸರೇ ಅಲ್ಲಿ ಬಂದಿರುವುದರಿಂದ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಆಟಕ್ಕೆ ಬಿಡದೆ ಕೊಠಡಿಯಲ್ಲಿ ಕೂಡಿಹಾಕುವುದು ಬಂಧ. ಬಾಯಾರಿದ ಮಗುವಿಗೆ “ಗಂಟೆ ಹೊಡೆಯಲಿ, ಆಮೇಲೆ ಹೋಗು” ಎಂದು ನೀರು ತಡೆಯುವುದು, ಲೆಕ್ಕ ತಪ್ಪಿದ್ದಕ್ಕೆ ಊಟದ ಸಾಲಿನಿಂದ ಹೊರಗೆ ನಿಲ್ಲಿಸುವುದು ಅನ್ನಪಾನನಿರೋಧ. ಛೇದವೆಂದರೆ ಶಾಸ್ತ್ರದಲ್ಲಿ ಅಂಗಚ್ಛೇದನ, ಶಾಲೆಯಲ್ಲಿ ಅದಿಲ್ಲ. ಆದರೆ ಸಹಪಾಠಿಗಳೆದುರು “ದಡ್ಡ” ಎಂದು ಕರೆದ ಮಾತು ಮನಸ್ಸನ್ನು ಕೊಯ್ಯುತ್ತದೆ. ಆ ಗಾಯ ಬೆತ್ತದ ಬಾಸುಂಡೆಯಷ್ಟು ಬೇಗ ಮಾಯುವುದಿಲ್ಲ.

ಇನ್ನು ಅತಿಭಾರ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದಲ್ಲಿ ಕೆಳಗಿನ ಪಟ್ಟಿಕೆಯು ಆನೆಗಳ ಸಾಲು. ಭಾರ ಹೊರಲು ತಕ್ಕ ಪ್ರಾಣಿ ಯಾವುದೆಂಬುದನ್ನು ಹೊಯ್ಸಳ ಶಿಲ್ಪಿ ಅರಿತಿದ್ದನು. ಒಂದನೆಯ ತರಗತಿಯ ಮಗು ಆನೆಯಲ್ಲ. ೨೦೧೯ರಲ್ಲಿ ರಾಜ್ಯ ಸರ್ಕಾರವು ಒಂದು ಮತ್ತು ಎರಡನೆಯ ತರಗತಿಗಳ ಚೀಲದ ತೂಕ ೨ ಕಿಲೋ ಮೀರಬಾರದೆಂದು ಆದೇಶಿಸಬೇಕಾಯಿತು. ಚೀಲವನ್ನು ತಕ್ಕಡಿಯಲ್ಲಿ ತೂಗಬಹುದು. ತಂದೆತಾಯಿಗಳ ಆಸೆಯನ್ನು ತೂಗುವ ತಕ್ಕಡಿಯಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವೈದ್ಯನು ರೋಗಿಯ ಹುಣ್ಣನ್ನು ಕೊಯ್ಯುವಾಗ ನೋವಾದರೂ ಅದು ಹಿಂಸೆಯಲ್ಲ. ಪ್ರಮಾದದಿಂದ, ಕಷಾಯದಿಂದ ಕೂಡಿದಾಗ ಮಾತ್ರ ಹಿಂಸೆ. ಮಗುವಿನ ಹಿತಕ್ಕಾಗಿ ಹೊಡೆದರೆ ದೋಷವೇನು? ವಾದವು ಬಲವುಳ್ಳದ್ದೇ. ಆದರೆ ವೈದ್ಯನು ಸಿಟ್ಟಿನಿಂದ ಕೊಯ್ಯುವುದಿಲ್ಲ; ಬೇರೆ ರೋಗಿಗಳು ಹೆದರಲೆಂದು ಎಲ್ಲರೆದುರು ಕೊಯ್ಯುವುದಿಲ್ಲ; ತನ್ನ ಮಾತು ನಡೆಯಲಿಲ್ಲವೆಂಬ ಮಾನಕಷಾಯದಿಂದಲೂ ಅಲ್ಲ. ಬೆತ್ತ ಎತ್ತಿದ ಕ್ಷಣದಲ್ಲಿ ಕ್ರೋಧವಿರಲಿಲ್ಲವೆಂದು ಆತ್ಮಸಾಕ್ಷಿಯಾಗಿ ಹೇಳಬಲ್ಲವರು ವಿರಳ. ಆ ಕ್ರೋಧದಿಂದ ಮಗುವಿಗಾದ ನೋವು ಒಂದು ಕಡೆಯಾದರೆ, ಹೊಡೆದವನಿಗಾದ ಕರ್ಮಬಂಧ ಇನ್ನೊಂದು ಕಡೆ.

ಹಾಗೆಂದು ಶಿಕ್ಷಕರ ಕಷ್ಟವನ್ನು ಕಡೆಗಣಿಸಲಾಗದು. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳನ್ನು ಕೂರಿಸಿಕೊಂಡು, ದಾಖಲೆ ಪುಸ್ತಕಗಳನ್ನೂ ಬರೆದು, ಅಡುಗೆಯ ಅಕ್ಕಿಯ ಲೆಕ್ಕವನ್ನೂ ಇಟ್ಟು ದಣಿದ ಜೀವಕ್ಕೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಶಾಸ್ತ್ರವು ಈ ಕಷ್ಟವನ್ನೂ ಬಲ್ಲದು. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಹೇಳಿದ್ದನ್ನು ಗ್ರಹಿಸದ ಅವಿನೇಯರಲ್ಲಿ ಮಾಧ್ಯಸ್ಥ್ಯ ಎಂದು ಅದು ನಾಲ್ಕು ಭಾವನೆಗಳನ್ನು ವಿಧಿಸಿದೆ. ಮಾಧ್ಯಸ್ಥ್ಯವೆಂದರೆ ಕೈಬಿಡುವುದಲ್ಲ, ರಾಗದ್ವೇಷಗಳಿಗೆ ಸಿಲುಕದೆ ನಿಲ್ಲುವುದು. ಕಲಿಯದ ಮಗುವಿನ ಮುಂದೆ ಗುರುವಿಗೆ ಬೇಕಾದದ್ದು ಇದೇ. ಆ ಮಗು ಹಸಿದಿದೆಯೋ, ಕಿವಿ ಮಂದವೋ, ಮನೆಯಲ್ಲಿ ಜಗಳವೋ ಎಂದು ಕಾಣಲು ಶಾಂತವಾದ ಕಣ್ಣು ಬೇಕು.

ಭಯವಿಲ್ಲದೆ ಕಲಿಕೆ ಸಾಧ್ಯವೆಂಬುದಕ್ಕೆ ನಾಡಿನಲ್ಲೇ ನಿದರ್ಶನವಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಎಳೆಯ ತರಗತಿಗಳಿಗೆ ಹಬ್ಬಿತು. ಗುರುವು ಮಕ್ಕಳ ನಡುವೆ ನೆಲದ ಮೇಲೆಯೇ ಕುಳಿತುಕೊಳ್ಳುವುದು, ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರುವುದು ಅದರ ರೀತಿ. ಹಿಂದುಳಿದದ್ದಕ್ಕೆ ಅಲ್ಲಿ ದಂಡನೆಯಿಲ್ಲ.

೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೧೭ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಕಾಯ್ದೆಗೆ ಅಂಜಿ ಇಳಿಸಿದ ಬೆತ್ತವು ಕಣ್ಣು ತಪ್ಪಿದೊಡನೆ ಮತ್ತೆ ಮೇಲೇಳಬಹುದು. ವ್ರತವೆಂದು ಇಳಿಸಿದ ಬೆತ್ತ ಹಾಗಲ್ಲ. ಶಾಲೆಗಳನ್ನು ನಡೆಸುವ ಟ್ರಸ್ಟುಗಳು ಕಟ್ಟಡದ ದಾನಿಗಳ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುತ್ತವೆ. ಅದರ ಜೊತೆಗೆ ಆ ಐದು ಅತಿಚಾರಗಳನ್ನೂ ಶಿಕ್ಷಕರ ಕೊಠಡಿಯಲ್ಲಿ ಬರೆಸಲಿ. ಒಬ್ಬರ ಕೈಗೆ ಮಿತಿಮೀರಿದ ಮಕ್ಕಳನ್ನು ಒಪ್ಪಿಸದಿರಲಿ, ಏಕೆಂದರೆ ಶಿಕ್ಷಕರ ಮೇಲೆ ಹೊರಿಸಿದ ಅತಿಭಾರವೇ ಕೊನೆಗೆ ಮಗುವಿನ ಬೆನ್ನ ಮೇಲೆ ಇಳಿಯುತ್ತದೆ. ತಂದೆತಾಯಿಗಳು “ನಾಲ್ಕು ಬಾರಿಸಿ” ಎಂಬ ಮಾತನ್ನು ಇಂದೇ ಬಿಡಲಿ. ಮಗುವು ಬೆಳಗ್ಗೆ ಅಳದೆ ಶಾಲೆಯ ಹೊಸ್ತಿಲು ದಾಟಿದ ದಿನ ಅಭಯದಾನ ನಡೆದಂತೆ. ಶಾಸ್ತ್ರದಾನವು ಅಲ್ಲಿಂದ ಮುಂದೆ ಸಲ್ಲುತ್ತದೆ.