ತೂಕವಿಲ್ಲದ ಪರಿಗ್ರಹ

ಪರಿಗ್ರಹಪರಿಮಾಣವ್ರತವನ್ನು ಧರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಬಟ್ಟೆಬರೆಗಳಿಗೆ ಮಿತಿಯನ್ನು ಹಾಕಿಕೊಳ್ಳುತ್ತಾನೆ. ಇವೆಲ್ಲವೂ ತೂಗಬಹುದಾದ, ಅಳೆಯಬಹುದಾದ, ಎಣಿಸಬಹುದಾದ ವಸ್ತುಗಳು. ತೂಕವಿಲ್ಲದ, ಮನೆಯಲ್ಲಿ ಸ್ಥಳವನ್ನೂ ಬೇಡದ ವಸ್ತುವೊಂದು ಕೂಡುತ್ತ ಹೋದರೆ ಅದೂ ಪರಿಗ್ರಹವೆನಿಸುವುದೇ? ಇದು ವಿಚಾರಣೀಯ ವಿಷಯವಾಗಿದೆ.

ಹಾವೇರಿ ಸೀಮೆಯು ಸಂಗೀತಕ್ಕೆ ಹೆಸರಾದುದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನಲ್ಲಿ ಜನಿಸಿದವರು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಮುಂದೆ ಇಲ್ಲಿಯ ಮನೆಗಳನ್ನೂ ಹೊಕ್ಕಿತು. ಈಗ ಅದನ್ನು ನುಡಿಸುವ ಯಂತ್ರಗಳು ವಿರಳವಾಗಿರುವುದರಿಂದ ಗೃಹಸ್ಥರು ಅದರೊಳಗಿನ ಗಾಯನವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಒಂದು ಸಿ.ಡಿ.ಯಲ್ಲಿ ಹಿಡಿಸುವುದು 74ರಿಂದ 80 ನಿಮಿಷಗಳ ಸಂಗೀತ. ಧ್ವನಿಗೆ ಕುಂದು ಬಾರದಂತೆ ಸಂಕ್ಷೇಪಿಸಿದರೆ ಒಂದು ಗಂಟೆಯ ಸಂಗೀತಕ್ಕೆ ಸುಮಾರು 300 ಮೆಗಾಬೈಟ್ ಸಾಕು. ಅಂಗೈಯಗಲದ 1 ಟೆರಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಹೀಗೆ 3,000 ಗಂಟೆಗೂ ಮಿಕ್ಕಿದ ಸಂಗೀತವು ಅಡಗುತ್ತದೆ. ದಿನಕ್ಕೊಂದು ಗಂಟೆ ತಪ್ಪದೆ ಕೇಳಿದರೂ ಅದು ಮುಗಿಯಲು ಎಂಟು ವರ್ಷ ಮೀರುತ್ತದೆ.

ಬ್ಯಾಡಗಿಯ ವರ್ತಕನು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟರೆ ಬಾಡಿಗೆ ತೆರಬೇಕು. ಬಣ್ಣ ಮಾಸುವ ಮೊದಲು ಮಾರಬೇಕು. ರಾಣೆಬೆನ್ನೂರಿನ ರೈತನು ಬೀಜಕ್ಕೆ ಮೊಳೆಯುವ ಶಕ್ತಿಯಿರುವಾಗಲೇ ಬಿತ್ತಬೇಕು. ಬಾಡಿಗೆ, ಹುಳು, ಕಾಲ ಇವು ಲೋಭಕ್ಕೆ ಹೊರಗಿನಿಂದ ಬಿದ್ದ ಬೇಲಿಗಳು. ಇಳಿಸಿಟ್ಟ ಸಂಗೀತಕ್ಕೆ ಇಂಥ ಬೇಲಿ ಇಲ್ಲವೆಂದೇ ಹೇಳಬೇಕು. ಆದುದರಿಂದ 'ಸಾಕು' ಎಂಬ ಮಾತನ್ನು ಮನುಷ್ಯನು ತನಗೆ ತಾನೇ ಹೇಳಿಕೊಳ್ಳಬೇಕಾಗಿದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೂರ್ಛೆಯನ್ನೇ, ಅಂದರೆ ಮಮತ್ವಭಾವವನ್ನೇ, ಪರಿಗ್ರಹವೆಂದಿದ್ದಾರೆ. ಅಗತ್ಯಕ್ಕೆ ಮೀರಿ ಭೋಗಸಾಮಗ್ರಿಯನ್ನು ಕೂಡಿಹಾಕುವುದನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಮಮತ್ವಕ್ಕೆ ತಕ್ಕಡಿ ಬೇಕಾಗಿಲ್ಲ. ವಸ್ತುವು ಹಗುರವೆಂಬ ಕಾರಣಕ್ಕೆ ವ್ರತಿಯು ಬಿಡುಗಡೆ ಹೊಂದಲಾರನು.

ಹಾಗಾದರೆ ಸಂಗ್ರಹವನ್ನು ಓರಣಗೊಳಿಸುವುದೂ ದೋಷವೇ? ಹಾಗೆ ಹೇಳಲಾಗದು. ಬಹುತೇಕ ಸಿ.ಡಿ.ಗಳಲ್ಲಿ ಹಾಡುಗಳ ಹೆಸರು ದಾಖಲಾಗಿರುವುದಿಲ್ಲ. ಅದನ್ನು ಬೇರೆಡೆಯಿಂದ ತಂದು ಸೇರಿಸಬೇಕು. ಒಬ್ಬನೇ ಗಾಯಕನ ಹೆಸರು ಮೂರು ಬಗೆಯ ಕಾಗುಣಿತದಲ್ಲಿದ್ದರೆ ಯಂತ್ರವು ಮೂವರು ಗಾಯಕರೆಂದು ತಿಳಿಯುತ್ತದೆ. ಗಾಯಕ, ರಾಗ, ವರ್ಷಗಳನ್ನು ತಿದ್ದಿ ಬರೆಯದಿದ್ದರೆ ಇದ್ದ ಹಾಡು ಇಲ್ಲದಂತೆಯೇ ಸರಿ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಪ್ರತಿಗಳಾಗಿ, 1939ರಿಂದ ಅಚ್ಚಾಗತೊಡಗಿದ ಮೇಲೆಯೇ ಅವು ಸ್ವಾಧ್ಯಾಯಕ್ಕೆ ವ್ಯಾಪಕವಾಗಿ ಒದಗಿದವು. ರಕ್ಷಣೆಯೂ ಓರಣವೂ ಉಪಯೋಗದಲ್ಲಿ ಸಫಲವಾಗುತ್ತವೆ.

ಕೇಳುವುದಕ್ಕಾಗಿ ಜೋಡಿಸುವುದು ವಿವೇಕ. ಯಾವುದೂ ಕೈತಪ್ಪಬಾರದೆಂದು ಜೋಡಿಸುವುದು ಮೂರ್ಛೆ. ಮೊದಲು ಇಳಿಸಿಕೊಂಡ ಯಮನ್ ರಾಗವನ್ನು ಕೇಳದೆ, ಅದೇ ರಾಗದ ನಾಲ್ಕನೆಯ ಧ್ವನಿಮುದ್ರಣವನ್ನು ಹುಡುಕುತ್ತ ಸಂಜೆ ಕಳೆಯುವವನು ತನ್ನ ಅಂತರಂಗವನ್ನು ಪರೀಕ್ಷಿಸಿಕೊಳ್ಳಬೇಕು. ಕೊಂಡ ಸಿ.ಡಿ.ಯನ್ನು ಪರರಿಗೆ ಮಾರಿ ಪ್ರತಿಯನ್ನು ತಾನು ಇಟ್ಟುಕೊಳ್ಳುವವನು ಅಚೌರ್ಯವ್ರತವನ್ನೂ ನೆನೆಯಬೇಕು. ಅಲ್ಲಿ ಒಂದು ಬೆಲೆಗೆ ಇಬ್ಬರು ಒಡೆಯರಾಗುತ್ತಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವಾವಧಿಯ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಗೃಹಸ್ಥರಿಗೆ ಇಲ್ಲಿ ನಿಯಮವು ಸುಲಭಸಾಧ್ಯ. ಒಂದು ಚಾತುರ್ಮಾಸದವರೆಗೆ ಹೊಸದನ್ನು ಸೇರಿಸದೆ ಇದ್ದುದನ್ನೇ ಕೇಳುವುದು. ಪೂರ್ತಿ ಕೇಳಿದ ಒಂದಕ್ಕೆ ಹೊಸದೊಂದು ಎಂಬ ಲೆಕ್ಕವನ್ನು ಇಡುವುದು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಸಂಗ್ರಹದ ಕೆಲಸವನ್ನೇ ನಿಲ್ಲಿಸುವುದು. ಹೀಗೆ ನಡೆದುಕೊಂಡಾಗ ಏನೂ ಕೊರತೆಯೆನಿಸದಿದ್ದರೆ ಮಮತ್ವವು ಸಡಿಲವಾಗಿದೆಯೆಂದು ತಿಳಿಯಬಹುದು. ಮನಸ್ಸು ಚಡಪಡಿಸಿದರೆ, ತೂಕವಿಲ್ಲದ ಆ ವಸ್ತುವಿನ ತೂಕವು ಆಗ ಗೊತ್ತಾಗುತ್ತದೆ.