ಒಂದೇ ಪದರದ ಬೆಳಕು

ಹುಮನಾಬಾದನ್ನು ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿಗಳು ಓಡುತ್ತವೆ. ಭಾರದ ಗಾಡಿಗಳಿಗೆ ಬಳಸುವ ಕೆಲವು ಗ್ರೀಸುಗಳಲ್ಲಿ ಒಂದು ಕಪ್ಪು ಪುಡಿ ಬೆರೆತಿರುತ್ತದೆ. ಅದರ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್. ಪದರದ ಮೇಲೆ ಪದರ ಪೇರಿಸಿದಂಥ ವಸ್ತು ಅದು. ಒಂದು ಪದರದೊಳಗೆ ಪರಮಾಣುಗಳ ಹಿಡಿತ ಬಲು ಗಟ್ಟಿ. ಪದರ ಪದರಗಳ ನಡುವಿನ ಸೆಳೆತ ಮಾತ್ರ ತೀರ ಸಡಿಲು. ಅದಕ್ಕೇ ಒತ್ತಡ ಬಿದ್ದಾಗ ಅವು ಒಂದರ ಮೇಲೊಂದು ಸರಿಯುತ್ತವೆ, ಲೋಹ ಸವೆಯದೆ ಉಳಿಯುತ್ತದೆ. ಮೆಕ್ಯಾನಿಕ್ಕಿನ ಕೈಗೆ ಮೆತ್ತುವ ಈ ಮಸಿಯಲ್ಲಿ ಬೆಳಕು ಅಡಗಿದೆಯೆಂದು ಯಾರು ಊಹಿಸಿದ್ದರು?

2010ರಲ್ಲಿ ಅಮೆರಿಕದ ಕೊಲಂಬಿಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇದರ ಒಂಟಿ ಪದರದ ಮೇಲೆ ಲೇಸರ್ ಹಾಯಿಸಿ ನೋಡಿದರು. ನಡುವೆ ಮಾಲಿಬ್ಡಿನಮ್, ಮೇಲೆ ಕೆಳಗೆ ಗಂಧಕ, ಅಷ್ಟೇ ಆ ಪದರ. ಒಂದು ಮಿಲಿಮೀಟರ್ ದಪ್ಪವಾಗಬೇಕಾದರೆ ಅಂಥವು ಸುಮಾರು 15 ಲಕ್ಷ ಬೇಕು. ಪದರಗಳು ಪೇರಿಕೊಂಡಿದ್ದಾಗ ಬೆಳಕನ್ನು ಹೆಚ್ಚುಕಡಿಮೆ ಕೊಡದ ಈ ಅರೆವಾಹಕ, ಒಂದೇ ಪದರವಾದಾಗ ಕೆಂಬೆಳಕು ಸೂಸಿತು. ನೆರೆಯ ಪದರಗಳು ಇಲ್ಲವಾದಾಗ ಎಲೆಕ್ಟ್ರಾನು ಇಳಿಯುವ ದಾರಿ ನೇರವಾಗುತ್ತದೆ. ಇಳಿಯುತ್ತ ಅದು ತನ್ನ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಅದೇ ವರ್ಷ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇಂಥ ತೆಳು ಪದರಗಳನ್ನು ರಾಸಾಯನಿಕ ವಿಧಾನದಿಂದ ತಯಾರಿಸಿತು.

ಒಂಟಿ ಪದರ ಪಡೆಯುವುದಾದರೂ ಹೇಗೆ? 2004ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು ಸುಲಿದು ಅದರ ಒಂಟಿ ಪದರವಾದ ಗ್ರಾಫೀನ್ ಪಡೆದಿದ್ದರು. ಚಿಪ್ ಮಾಡಲು ಅಂಥ ಚೂರುಗಳು ಸಾಲವು, ಅಗಲವಾದ ಹಾಳೆ ಬೆಳೆಯಬೇಕು. ಕುಲುಮೆಯೊಳಗಿನ ಕ್ವಾರ್ಟ್ಜ್ ಕೊಳವೆಯಲ್ಲಿ, ಸುಮಾರು 700–800 ಡಿಗ್ರಿ ಶಾಖದಲ್ಲಿ, ಗಂಧಕದ ಆವಿಯೂ ಮಾಲಿಬ್ಡಿನಮ್ ಆಕ್ಸೈಡಿನ ಆವಿಯೂ ನೀಲಮಣಿಯ ಬಿಲ್ಲೆಯ ಮೇಲೆ ಕೂಡುತ್ತವೆ. ಅಲ್ಲಲ್ಲಿ ಪುಟ್ಟ ತ್ರಿಕೋನಗಳು ಮೊಳೆಯುತ್ತವೆ. ತ್ರಿಕೋನದ ಬೆನ್ನಿನ ಮೇಲೆ ಬಂಧಗಳೆಲ್ಲ ತುಂಬಿರುವುದರಿಂದ ಅಲ್ಲಿ ಬಿದ್ದ ಪರಮಾಣುವಿಗೆ ನೆಲೆ ಸಿಗದು. ಅದು ಅಲೆದಲೆದು ಅಂಚಿಗೆ ಬಂದು ಸೇರುತ್ತದೆ. ಹದ ತಪ್ಪದಿದ್ದರೆ ಪದರ ದಪ್ಪವಾಗದೆ ಅಗಲವಾಗುತ್ತ ಹೋಗುತ್ತದೆ.

ಫಿನ್ಲೆಂಡಿನ ತುವೊಮೊ ಸುಂಟೋಲ 1974ರಲ್ಲಿ ರೂಪಿಸಿದ ಪದರ ಬೆಳೆಸುವ ವಿಧಾನ ಇನ್ನೂ ಶಿಸ್ತಿನದು. ಒಂದು ಅನಿಲ ಹಾಯಿಸುವುದು, ಮಿಕ್ಕದ್ದನ್ನು ಹೊರದೂಡುವುದು, ಆಮೇಲೆ ಇನ್ನೊಂದನ್ನು ಹಾಯಿಸುವುದು. ಮೇಲ್ಮೈಯಲ್ಲಿ ಹಿಡಿದುಕೊಳ್ಳಬಲ್ಲ ಜಾಗಗಳು ತುಂಬಿದೊಡನೆ ಕ್ರಿಯೆ ತಾನಾಗಿ ನಿಲ್ಲುತ್ತದೆ. ಮತ್ತೆಷ್ಟು ಅನಿಲ ಬಿಟ್ಟರೂ ಮೇಲ್ಮೈ ಒಲ್ಲೆ ಎನ್ನುತ್ತದೆ. ಮಾಡುವವನ ಜಾಣ್ಮೆಯೆಲ್ಲ ಪರಮಾಣುಗಳು ತಾವೇ ನಿಲ್ಲುವಂಥ ಸಂದರ್ಭವನ್ನು ಕಟ್ಟಿಕೊಡುವುದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂಥ ತೆಳು ಪದಾರ್ಥಗಳಿಂದಲೇ ಚಿಪ್ ಮಾಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರದ ಮುಂದಿಟ್ಟಿದ್ದಾರೆ.

ಈ 'ಒಲ್ಲೆ'ಯನ್ನು ನೆನೆದಾಗ ನನ್ನ ಮನಸ್ಸು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಶರಣೆ ಆಯ್ದಕ್ಕಿ ಲಕ್ಕಮ್ಮನ ಬಳಿಗೆ ಹೋಗುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಅಲ್ಲೇ ಸುರಿದು ಬರಲು ಹೇಳಿದಳೆಂಬುದು ಶರಣರ ಕಥೆ. ಪರಮಾಣುವಿಗೆ ಬೇರೆ ದಾರಿಯಿಲ್ಲ, ಜಾಗ ತುಂಬಿದರೆ ಅದು ನಿಲ್ಲಲೇಬೇಕು. ಲಕ್ಕಮ್ಮನಿಗೆ ದಾರಿಯಿತ್ತು. ಬಡತನದ ಮನೆಯಲ್ಲಿ ನಿಂತು ಕೈಗೆ ಬಂದ ಅಕ್ಕಿಯನ್ನು ಬೇಡವೆಂದಳು. ಅವಳ ಹಿರಿಮೆ ಅದರಲ್ಲಿದೆ.

ಸಾಕೆಂದು ನಿಂತರೆ ಏನನ್ನೋ ಕಳೆದುಕೊಳ್ಳುತ್ತೇವೆ ಎಂಬ ಅಂಜಿಕೆ ನಮ್ಮೆಲ್ಲರಲ್ಲೂ ಇದೆ. ಆದರೆ ಆ ಕಪ್ಪು ಪುಡಿಗೆ ಬೆಳಕು ಬಂದದ್ದು ಒಂದೇ ಪದರಕ್ಕೆ ನಿಂತಾಗ. ಇನ್ನೊಂದು ಪದರ ಸೇರಿದರೆ ಅದು ಮಂಕಾಗುತ್ತದೆ. ಕಡಿಮೆಯಾದದ್ದು ಬರಿದಾಗಬೇಕಿಲ್ಲ ಎಂಬುದು ದ್ರವ್ಯದ ಸ್ವಭಾವದಲ್ಲೇ ಇದೆಯೆಂಬುದು ನನಗೆ ದೊಡ್ಡ ಬೆರಗು. ಲಕ್ಕಮ್ಮ ಬದುಕಿ ತೋರಿಸಿದ್ದನ್ನೂ ಪ್ರಯೋಗಾಲಯ ಅಳೆದು ತೋರಿಸಿದ್ದನ್ನೂ ಬಸವಕಲ್ಯಾಣದ ಮಕ್ಕಳು ಒಂದೇ ತರಗತಿಯಲ್ಲಿ ಕೂತು ಕಲಿಯುವಂತಾಗಲಿ.