ತಿಳಿಯದವನ ಜೇಬು

ನನ್ನ ಮೇಜಿನ ಮೇಲಿರುವ ಕಂಪ್ಯೂಟರಿಗೆ ಈಗ ಹನ್ನೆರಡು ವರ್ಷ. ಕನ್ನಡದ ಕಥೆಗಳನ್ನು ‘ನುಡಿ’ ತಂತ್ರಾಂಶದಲ್ಲಿ, ಉರ್ದು ಬರಹಗಳನ್ನು ‘ಇನ್‌ಪೇಜ್‌’ನಲ್ಲಿ ಬೆರಳಚ್ಚು ಮಾಡಿ ಅದರಲ್ಲೇ ಇಟ್ಟಿದ್ದೇನೆ. ನುಡಿಯ ಹಳೆಯ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕಥೆಯ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಆದ್ದರಿಂದ ಈ ಪೆಟ್ಟಿಗೆ ಕೆಡುತ್ತದೆಂದರೆ ನನಗೆ ಹೆದರಿಕೆ.

ಮೊನ್ನೆ ಮೊನ್ನೆ ಅದು ತೀರಾ ನಿಧಾನವಾಯಿತು. ಗುಂಡಿ ಒತ್ತಿ, ಚಹಾ ಕುಡಿದು, ಪತ್ರಿಕೆ ಓದಿ ಮುಗಿಸಿದ ಮೇಲೆ ಪರದೆ ಬೆಳಗುತ್ತಿತ್ತು. ಒಂದು ಖಾಸಗಿ ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತಲಿನ ಯುವಕ ಬಹಳ ಮರ್ಯಾದೆಯಿಂದ ಮಾತಾಡಿದ. ಇಂಟರ್‌ನೆಟ್ ಮೂಲಕ ನನ್ನ ಕಂಪ್ಯೂಟರಿನೊಳಗೆ ಬಂದು ಕೆಂಪು ಗುರುತುಗಳ ಉದ್ದನೆಯ ಪಟ್ಟಿ ತೋರಿಸಿದ. “ನೋಡಿ ಸರ್, ಎಷ್ಟೊಂದು ಎರರ್!” ನನ್ನ ಎದೆ ಹೊಡೆದುಕೊಳ್ಳತೊಡಗಿತು. ಒಂದು ವರ್ಷದ ಸೇವೆಗೆಂದು 4,999 ರೂಪಾಯಿ ಕಟ್ಟಿದೆ. ಎರಡು ದಿನ ಚುರುಕಾದಂತೆ ಕಂಡಿತು. ಮೂರನೆಯ ದಿನ ಮತ್ತದೇ ಆಮೆ ನಡಿಗೆ. ಮತ್ತೆ ಫೋನ್ ಮಾಡಿದರೆ, ಈ ತೊಂದರೆ ನೀವು ಕಟ್ಟಿದ ಹಣದಲ್ಲಿ ಬರುವುದಿಲ್ಲ, ಇದಕ್ಕೆ ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಬೇಕು ಎಂಬ ಉತ್ತರ.

ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದಿನ ಪುಟ್ಟ ಅಂಗಡಿಗೆ ಹೊತ್ತೊಯ್ದೆ. ಅಲ್ಲಿನ ಹುಡುಗ ನನ್ನೆದುರೇ ಪೆಟ್ಟಿಗೆ ಬಿಚ್ಚಿ ಧೂಳು ಊದಿದ. ಕೆಂಪು ಪಟ್ಟಿಯ ವಿಷಯ ಹೇಳಿದಾಗ ನಕ್ಕುಬಿಟ್ಟ. ವಿಂಡೋಸ್ ತನ್ನೊಳಗಿನ ಸಣ್ಣಪುಟ್ಟ ಎಡವಟ್ಟುಗಳನ್ನು ದಿನಚರಿಯಂತೆ ಬರೆದಿಡುತ್ತದೆ, ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅಂಥ ಪಟ್ಟಿ ಇರುತ್ತದೆ ಎಂದು ತನ್ನ ಕಂಪ್ಯೂಟರಿನಲ್ಲೇ ತೆರೆದು ತೋರಿಸಿದ. ಸವೆದಿದ್ದದ್ದು ಹಾರ್ಡ್ ಡಿಸ್ಕು. ಅದರ ಜಾಗಕ್ಕೆ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದ.

“ಒಂದ್ ಮಾತು ಸರ್. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ರ ಬೆಂಬಲ ನಿಲ್ಸಿದಾರೆ. ನಿಮ್ಮ ಹಳೇ ಮಷೀನು 11ಕ್ಕೆ ಆಗಿಬರಲ್ಲ. ಬೇಕಾದ್ರೆ ಲಿನಕ್ಸ್ ಹಾಕ್ಕೊಡ್ತೀನಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದ್ರೆ ನುಡಿ, ಇನ್‌ಪೇಜ್ ಅದ್ರಲ್ಲಿ ಸರಿಯಾಗಿ ಓಡ್ತವೋ ಇಲ್ವೋ, ನಂಗೊತ್ತಿಲ್ಲ” ಎಂದ. ಬಿಚ್ಚಿದ ಹಳೆಯ ಡಿಸ್ಕನ್ನು ನನ್ನ ಕೈಗಿಟ್ಟ. “ಇದ್ರಲ್ಲಿ ನಿಮ್ಮ ಬರಹ ಇದೆ, ಎಲ್ಲೂ ಬಿಸಾಕ್ಬೇಡಿ.” ಡಿಸ್ಕಿನ ಬೆಲೆ ಬಿಟ್ಟು ಕೂಲಿಗೆಂದು 400 ರೂಪಾಯಿ ಕೇಳಿದ.

“ಎರಡು ಗಂಟೆ ಕೆಲಸಕ್ಕೆ ನಾನ್ನೂರೇ?” ನನ್ನ ಬಾಯಿಂದ ಬಂದೇಬಿಟ್ಟಿತು. ಅವನು ಏನೂ ಹೇಳದೆ 300 ತೆಗೆದುಕೊಂಡ.

ಮನೆಯ ದಾರಿಯುದ್ದಕ್ಕೂ ಆ ನೂರು ರೂಪಾಯಿ ಚುಚ್ಚಿತು. ಮುಖ ಕಾಣದ ದನಿಗೆ ಐದು ಸಾವಿರ ಕಟ್ಟುವಾಗ ನೆನಪಾಗದ ಚೌಕಾಸಿ, ಎದುರಿಗೆ ಕುಳಿತು ದುಡಿದವನ ಮುಂದೆ ಯಾಕೆ ನೆನಪಾಯಿತು?

ತಿಳಿವಳಿಕೆಗೆ ಬೆಲೆ ಕೇಳುವುದು ತಪ್ಪಲ್ಲ. ವೈದ್ಯ, ವಕೀಲ, ಮೆಕ್ಯಾನಿಕ್ ಎಲ್ಲರೂ ಬದುಕುವುದು ನಮಗೆ ತಿಳಿಯದ್ದನ್ನು ತಿಳಿದಿರುವುದರಿಂದಲೇ. ಹಳೆಯ ತಂತ್ರಾಂಶವನ್ನು ಕಂಪನಿಯೊಂದು ಕೊನೆಯವರೆಗೂ ಪುಕ್ಕಟೆ ಸರಿಪಡಿಸುತ್ತಿರಬೇಕು ಎನ್ನುವುದೂ ನ್ಯಾಯವಲ್ಲ. ಆದರೆ ತಿಳಿದವನು ತಿಳಿಯದವನನ್ನು ಹೇಗೆ ಬಿಟ್ಟುಹೋಗುತ್ತಾನೆ? ಸ್ವಲ್ಪ ತಿಳಿದವನನ್ನಾಗಿಯೋ, ಇನ್ನಷ್ಟು ಹೆದರಿದವನನ್ನಾಗಿಯೋ? ದುಡಿಮೆ ಮತ್ತು ಸುಲಿಗೆಯ ನಡುವಿನ ಗೆರೆ ಅಲ್ಲಿದೆ ಎನಿಸುತ್ತದೆ.

ನಮ್ಮ ಅಮ್ಮಿಯ ಹೊಲಿಗೆ ಯಂತ್ರ ಕೆಟ್ಟಾಗ ಒಬ್ಬ ಮೇಸ್ತ್ರಿ ಮನೆಗೆ ಬರುತ್ತಿದ್ದರು. ಸವೆದ ಭಾಗವನ್ನು ತೆಗೆದು ಅಮ್ಮಿಯ ಅಂಗೈ ಮೇಲಿಟ್ಟು, “ಇಲ್ಲಿ ನೋಡಮ್ಮ, ಹೀಗೆ ಸವೆದಿದೆ” ಎನ್ನುತ್ತಿದ್ದರು. ಎಣ್ಣೆ ಎಲ್ಲಿ ಬಿಡಬೇಕೆಂದೂ ಹೇಳಿಕೊಡುತ್ತಿದ್ದರು. ಮುಂದಿನ ಸಲ ಅಷ್ಟಕ್ಕೆ ಅವರನ್ನು ಕರೆಯಬೇಕಿರಲಿಲ್ಲ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ 2022ರ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಬಿಡಿಭಾಗ, ಕೈಪಿಡಿ, ದುರಸ್ತಿಯ ವಿವರಗಳು ಗ್ರಾಹಕನಿಗೆ ಸಿಗಲಿ ಎಂಬುದು ಅದರ ಉದ್ದೇಶ. ಆ ಮೇಸ್ತ್ರಿ ಇದನ್ನು ಯಾವ ಸರ್ಕಾರವೂ ಹೇಳದೆ ಮಾಡುತ್ತಿದ್ದರು.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿಗಳಲ್ಲಿ ನೌಕರನನ್ನು ಕೆಲಸದಿಂದ ಹೊರಗಿಡುವುದಕ್ಕೂ ಬಳಕೆಯಾಗುತ್ತಿದೆ. ದುರಸ್ತಿಗೆ ಕೊಟ್ಟ ಕಂಪ್ಯೂಟರು ಮೊದಲನೆಯ ಅರ್ಥದ ಅಮಾನತ್. ಅದರೊಂದಿಗೆ ನಮ್ಮ ಅಜ್ಞಾನವನ್ನೂ ಒಪ್ಪಿಸಿರುತ್ತೇವೆ. ಆ ಹುಡುಗ ಎರಡನ್ನೂ ಕಾಪಾಡಿದ. “ಗೊತ್ತಿಲ್ಲ” ಎಂಬ ಮಾತನ್ನೂ ಸೇರಿಸಿ ಕೊಟ್ಟ. ಐದು ಸಾವಿರದ ಸೇವೆಯಲ್ಲಿ ಆ ಮಾತು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಹೋಗಿ ಉಳಿದ ನೂರು ಕೊಟ್ಟೆ. “ಯಾಕ್ ಸರ್?” ಎಂದ. ನಿನ್ನೆ ಲೆಕ್ಕ ತಪ್ಪಿತ್ತು ಎಂದೆ. ಹಳೆಯ ಡಿಸ್ಕು ಈಗ ಅಮ್ಮಿಯ ಯಂತ್ರದ ಡ್ರಾಯರಿನಲ್ಲಿದೆ, ಸವೆದ ಬಾಬಿನ್ ಕೇಸಿನ ಪಕ್ಕದಲ್ಲಿ.